ಕಾರ್ಬೊರೇಟರ್ ಇಲ್ಲದ ಕಾರು

ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗಿ ಸ್ವಲ್ಪ ದೂರ ಹೋಗಿದ್ದೆ. ಮುಂದೆ ಕಬ್ಬಿನ ಗಾಡಿಗಳ ಸಾಲು. ಹಾರ್ನ್ ಹೊಡೆದು ಒಂದೊಂದನ್ನೇ ಹಿಂದೆ ಹಾಕಿ, ರಸ್ತೆ ಖಾಲಿ ಸಿಕ್ಕಿತೆಂದು ಆಕ್ಸಿಲರೇಟರ್ ಒತ್ತಿದರೆ, ಕಾರು ಮುಂದೆ ನುಗ್ಗುವ ಬದಲು ಹಿಂದಿನಿಂದ ಯಾರೋ ಹಿಡಿದೆಳೆದಂತೆ ಜಗ್ಗಿತು. ಇನ್ನೊಮ್ಮೆ ಒತ್ತಿದೆ. ಗಡಗಡ ನಡುಗಿತು. ಅಷ್ಟು ಹೊತ್ತು ಹೊಲಿಗೆ ಮೆಷಿನ್ನಿನ ಹಾಗೆ ಓಡುತ್ತಿದ್ದ ಇಂಜಿನ್ನು ಇದ್ದಕ್ಕಿದ್ದಂತೆ ಕುಂಟತೊಡಗಿತ್ತು. ನಾನು ಆಗತಾನೇ ಹಿಂದೆ ಹಾಕಿದ್ದ ಗಾಡಿಗಳೆಲ್ಲ ಒಂದೊಂದಾಗಿ ನನ್ನನ್ನು ದಾಟಿಕೊಂಡು ಹೋದವು. ಕೊನೆಯ ಗಾಡಿಯವನು ಹಗ್ಗ ಜಗ್ಗಿ ನಿಲ್ಲಿಸಿ ಕೇಳಿದ:

"ಯಾಕವ್ವಾ, ಎತ್ತು ಕಟ್ಟಿ ಎಳೀಬೇಕಾ?"

"ಬೇಡಪ್ಪ. ಇಲ್ಲಿ ಹತ್ತಿರ ಮೆಕ್ಯಾನಿಕ್ ಯಾರಿದ್ದಾರೆ?"

"ಇಂದಕ್ಕೆ ಓಗಿ. ವೈದ್ಯನಾಥಪುರಕ್ಕೆ ದಾರಿ ಒಡೀತದಲ್ಲ, ಅಲ್ಲೊಂದು ಲಾರಿ ಸೆಡ್ಡು ಅದೆ. ಒಳ್ಳೆ ಕೆಲಸಗಾರ. ಬಾಯಿ ಮಾತ್ರ ಒಸಿ ಜೋರು."

ಎಪ್ಪತ್ತರ ದಶಕದ ಮೊದಲ ಭಾಗ ಅದು. ಆಗ ನಾನು ಮಂಡ್ಯದ ಗುತ್ತಲಿನಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದೆ. ಬುಧವಾರ ಬಂದರೆ ಮಳವಳ್ಳಿಗೆ ಹೋಗಿ, ಅಲ್ಲಿನ ಹಿರಿಯ ಡಾಕ್ಟರೊಬ್ಬರ ನರ್ಸಿಂಗ್ ಹೋಮಿನಲ್ಲಿ ಹೆಂಗಸರ ಆಪರೇಷನ್ನುಗಳನ್ನು ಮಾಡಿ ಸಂಜೆಗೆ ಹಿಂತಿರುಗುತ್ತಿದ್ದೆ. ನಮ್ಮ ಯಜಮಾನರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದರು. ಅದಕ್ಕೆ ಮುಂಚೆ ಕೆಲವು ವರ್ಷ ನಾವಿಬ್ಬರೂ ಜರ್ಮನಿಯಲ್ಲಿದ್ದೆವು. ಅವರು ಅಲ್ಲಿ ಡಾಕ್ಟರೇಟ್ ಮಾಡಿದರು, ನಾನು ಆಸ್ಪತ್ರೆಯೊಂದರಲ್ಲಿ ದುಡಿದೆ. ಅಲ್ಲಿನ ಸಂಬಳದಲ್ಲಿ ನಾನು ಕೊಂಡ ಕಾರನ್ನು ವಾಪಸು ಬರುವಾಗ ಹಡಗಿಗೆ ಹಾಕಿ ತಂದಿದ್ದೆ. ಯಜಮಾನರಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಹೆಂಡತಿ ಕಾರು ಓಡಿಸುವುದು, ಗಂಡ ಪಕ್ಕದಲ್ಲಿ ಕೂತು ಪೇಪರ್ ಓದುವುದು ಮಂಡ್ಯದಲ್ಲಿ ಆಗ ನೋಡುವಂಥ ನೋಟವೇ. ಜನ ನೋಡುತ್ತಿದ್ದರು. ನಾವು ನೋಡಿಸಿಕೊಳ್ಳುತ್ತಿದ್ದೆವು.

ಆ ಕಾರೇ ಒಂದು ವಿಚಿತ್ರ. ಇಂಜಿನ್ನು ಹಿಂದೆ, ಸಾಮಾನು ಇಡುವ ಡಿಕ್ಕಿ ಮುಂದೆ. ರೇಡಿಯೇಟರ್ ಇಲ್ಲ, ಗಾಳಿಯಿಂದಲೇ ತಣ್ಣಗಾಗುವ ಇಂಜಿನ್ನು. ಎಲ್ಲಕ್ಕಿಂತ ಹೆಚ್ಚಾಗಿ, ಅದಕ್ಕೆ ಕಾರ್ಬೊರೇಟರೇ ಇರಲಿಲ್ಲ. ಬೇರೆ ಕಾರುಗಳಲ್ಲಿ ಪೆಟ್ರೋಲು ಗಾಳಿಯೊಂದಿಗೆ ಬೆರೆತು ಆವಿಯಾಗಿ ಒಳಗೆ ಹೋಗುವುದು ಕಾರ್ಬೊರೇಟರಿನ ಮೂಲಕ. ಇದರಲ್ಲಿ ಎಡಕ್ಕೆರಡು ಬಲಕ್ಕೆರಡಾಗಿ ಮಲಗಿದ್ದ ನಾಲ್ಕು ಸಿಲಿಂಡರುಗಳ ಬಾಯಲ್ಲೂ ಒಂದೊಂದು ಇಂಜೆಕ್ಟರ್ ಇತ್ತು. ಕರೆಂಟು ಬಂದಾಗ ಬಾಯಿ ತೆರೆದು ಒಂದಿಷ್ಟು ಪೆಟ್ರೋಲನ್ನು ಚಿಮ್ಮಿಸಿ ಮುಚ್ಚಿಕೊಳ್ಳುತ್ತಿತ್ತು. ಎಷ್ಟು ಹೊತ್ತು ತೆರೆದಿರಬೇಕು ಎಂದು ತೀರ್ಮಾನ ಮಾಡುವುದು ಒಳಗೆ ಎಲ್ಲೋ ಅಡಗಿಸಿದ್ದ, ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ತಗಡಿನ ಪೆಟ್ಟಿಗೆ. ಕಾರಿನ ಜೊತೆ ಬಂದ ಜರ್ಮನ್ ಪುಸ್ತಕವನ್ನು ನಾನು ಸರಾಗವಾಗಿ ಓದಬಲ್ಲವಳಾಗಿದ್ದೆ. ಆದರೆ ಆ ಪೆಟ್ಟಿಗೆಯ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಮಾತು: ಹತ್ತಿರದ ಅಧಿಕೃತ ವರ್ಕ್‌ಶಾಪಿಗೆ ತೋರಿಸಿ. ಹತ್ತಿರದ್ದೆಂದರೆ ಸಮುದ್ರದ ಆಚೆ.

ಕುಂಟುತ್ತಲೇ ಶೆಡ್ಡಿಗೆ ಬಂದೆ. ಬಿಚ್ಚಿಹಾಕಿದ ಲಾರಿಯೊಂದರ ಅಡಿಯಿಂದ ಮೆಕ್ಯಾನಿಕ್ ಹೊರಬಂದರು. ಅಗಲ ಎದೆಯ, ನರೆತ ಮೀಸೆಯ ಮನುಷ್ಯ. ನಾನು ಬಾಯಿ ತೆರೆಯುವ ಮೊದಲೇ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದು, ಮುಂದಿನ ಮುಚ್ಚಳ ಎತ್ತಿ, ಬಗ್ಗಿ ನೋಡಿದರು. ಒಳಗೆ ನನ್ನ ಆಪರೇಷನ್ ಪೆಟ್ಟಿಗೆ, ಒಂದು ಕೊಡೆ, ಮಳವಳ್ಳಿ ನರ್ಸಮ್ಮನಿಗೆಂದು ತಂದಿದ್ದ ಒಂದು ಗೊನೆ ರಸಬಾಳೆ. ತಂಬಿಗೆ ಹಿಡಿದ ಕೈ ಹಾಗೇ ನಿಂತಿತು.

"ಇಂಜಿನ್ ಎಲ್ಲಮ್ಮಾ?"

"ಹಿಂದೆ."

ಹಿಂದಕ್ಕೆ ಹೋಗಿ ಮುಚ್ಚಳ ಎತ್ತಿದರು. ಒಳಗೆ ಕೈಯಾಡಿಸಿ ತಡಕಿದರು. ಆಮೇಲೆ, "ನೀರು ಎಲ್ಲಿಗೆ ಉಯ್ಯದು?"

"ಇದಕ್ಕೆ ನೀರು ಬೇಡ."

"ಕಾರ್ಬೊರೇಟ್ರು?"

"ಅದೂ ಇಲ್ಲ."

ತಂಬಿಗೆಯ ನೀರನ್ನು ತಾವೇ ಗಟಗಟ ಕುಡಿದು ಕೆಳಗಿಟ್ಟರು. "ಎಜಮಾನ್ರು ಎಲ್ಲವ್ರೆ? ಅವ್ರ್‌ನ ಕರೀರಿ, ಮಾತಾಡಣ."

"ಯಜಮಾನರು ಮಂಡ್ಯದಲ್ಲಿ ಪಾಠ ಮಾಡ್ತಿದ್ದಾರೆ. ಗಾಡಿ ನನ್ನದು, ಓಡಿಸೋಳೂ ನಾನು. ನನ್ನ ಹತ್ತಿರವೇ ಮಾತಾಡಿ."

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆಗ್ಲಿ ಬುಡಿ. ಮಿಸ್ ಒಡೀತಾ ಅದೆ ಅಂದ್ರೆ ಮೊದ್ಲು ಪ್ಲಗ್ಗು ನೋಡಾದು. ಅದು ಯಾವ ದೇಸದ್ದೇ ಆಗ್ಲಿ. ಬೀಗದಕೈ ಮಡಗಿ ಓಗಿ."

ಮಳವಳ್ಳಿಯಲ್ಲಿ ನನಗಾಗಿ ಒಬ್ಬ ಹೆಂಗಸು ಹಸಿದ ಹೊಟ್ಟೆಯಲ್ಲಿ ಆಪರೇಷನ್ನಿಗೆ ತಯಾರಾಗಿ ಮಲಗಿದ್ದಳು. ಬಸ್ಸಿಗೆ ಕಾಯುವ ಹಾಗಿರಲಿಲ್ಲ. ಆ ದಾರಿಯಲ್ಲೇ ಹೊರಟಿದ್ದ ಬೆಲ್ಲದ ಲಾರಿಯೊಂದನ್ನು ಮೆಕ್ಯಾನಿಕ್ಕೇ ಕೈ ಅಡ್ಡ ಹಾಕಿ ನಿಲ್ಲಿಸಿ, "ಡಾಕ್ಟ್ರಮ್ಮನ್ನ ಆಸ್ಪತ್ರೆ ಬಾಗ್ಲಲ್ಲೇ ಇಳಿಸ್ಲಾ, ಬಸ್‌ಸ್ಟ್ಯಾಂಡಲ್ಲಿ ಇಳಿಸ್‌ಬುಟ್ಟೀಯ" ಎಂದು ಗದರಿಸಿ ಹತ್ತಿಸಿದರು. ಆಪರೇಷನ್ ಪೆಟ್ಟಿಗೆಯನ್ನು ಮೊದಲು ಮೇಲೆ ಕೊಟ್ಟು, ಸೀರೆಯ ನೆರಿಗೆ ಒಟ್ಟು ಮಾಡಿ ಹಿಡಿದುಕೊಂಡು ಲಾರಿ ಹತ್ತಿದೆ. ತಡವಾಗಿ ಹೋದರೂ ಆಪರೇಷನ್ ಚೆನ್ನಾಗಿಯೇ ಆಯಿತು. ಹಿರಿಯ ಡಾಕ್ಟರು ಮಾತ್ರ ಗಂಟು ಮುಖ ಮಾಡಿಕೊಂಡು, "ಹೀಗೆ ನಂಬಿಕೆಯಿಲ್ಲದ ಗಾಡಿಯಲ್ಲಿ ಬರೋದಾದರೆ ಕಷ್ಟ ಆಗುತ್ತಮ್ಮ. ಅರಿವಳಿಕೆ ಕೊಡುವವರನ್ನೂ ಕಾಯಿಸಬೇಕಾಗುತ್ತೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸಂಜೆ ಬಸ್ಸಿಳಿದು ಶೆಡ್ಡಿಗೆ ಬಂದರೆ ಕಾರು ಸ್ಟಾರ್ಟಾಗಿ ನಿಂತಿತ್ತು. ಒಂದೇ ಸಮನೆ ಓಡುತ್ತಿತ್ತು. ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ, "ನಾಕು ಪ್ಲಗ್ಗೂ ಬಿಚ್ಚಿ ಉಜ್ಜಿ ಆಕಿವ್ನಿ. ನೋಡ್ಕಳಿ, ಎಂಗೆ ಓಡ್ತದೆ!" ಎಂದರು. ನಿಜವಾಗಿಯೂ ಚೆನ್ನಾಗಿ ಓಡಿತು. ಮಂಡ್ಯದ ತನಕ ಹಾಡು ಗುನುಗಿಕೊಂಡು ಬಂದೆ.

ಎರಡನೆಯ ಸಲ ಕೈಕೊಟ್ಟಿದ್ದು ಬಸರಾಳಿನಿಂದ ಹಿಂತಿರುಗುವಾಗ. ಯಜಮಾನರ ಸೋದರತ್ತೆಯ ಮನೆಯ ಮದುವೆ ಮುಗಿಸಿಕೊಂಡು ಬರುತ್ತಿದ್ದೆವು. ಬಾಳೆಎಲೆ ಊಟ ಉಂಡು ಅವರು ತೂಕಡಿಸುತ್ತಿದ್ದರು. ಅದೇ ಜಗ್ಗಾಟ, ಅದೇ ನಡುಕ. ಒಂದು ಏರು ಬಂತು, ಕಾರು ಏರಲೇ ಇಲ್ಲ. ಯಜಮಾನರು ರೇಷ್ಮೆ ಪಂಚೆ ಮೇಲೆ ಕಟ್ಟಿ, ಹೆಗಲ ಮೇಲಿನ ಶಲ್ಯವನ್ನು ಸೀಟಿಗೆ ಎಸೆದು, ಹಿಂದಿನಿಂದ ತಳ್ಳಿದರು. ಬಿಸಿಲಲ್ಲಿ ಬೆವರಿ, ಮುಖ ಕೆಂಪಗಾಗಿ, ಏರಿನ ತುದಿಯಲ್ಲಿ ಬಂದು ಕೂತು ಹೇಳಿದರು:

"ಇದನ್ನ ಕೊಟ್ಟುಬಿಡೋಣ."

"ಯಾರಿಗೆ?"

"ರೈಸ್‌ಮಿಲ್ಲಿನವರು ಕೇಳ್ತಾನೇ ಇದ್ದಾರಲ್ಲ. ನೀನು ವಾರವಾರ ಒಬ್ಬಳೇ ಆ ರಸ್ತೆಯಲ್ಲಿ ಹೋಗ್ತೀಯ. ಹೊತ್ತು ಮುಳುಗಿದ ಮೇಲೆ ಹೀಗಾದರೆ ಏನು ಮಾಡ್ತೀಯ? ನಾನು ಮನೆಯಲ್ಲಿ ಗಡಿಯಾರ ನೋಡ್ಕೊಂಡು ಕೂತಿರ್ತೀನಿ. ನಿನಗೆ ಅದು ಗೊತ್ತಿಲ್ಲ."

ಅವರು ಅಷ್ಟು ಉದ್ದದ ಮಾತಾಡಿದ್ದು ನನಗೆ ಹೊಸದು. ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟು ಮಾಡುತ್ತಿದ್ದೆ. ಅವರು ಹೆದರಿದ್ದರು.

ಮೈಸೂರಿನಿಂದ ಒಬ್ಬ ಹೆಸರುವಾಸಿ ಮೇಸ್ತ್ರಿಯನ್ನು ಕರೆಸಿದೆವು. ಅವರು ಬರುವ ಹೊತ್ತಿಗೆ ಕಾರು ಮತ್ತೆ ಸರಿಯಾಗಿ ಓಡುತ್ತಿತ್ತು. ಅದೇ ಅದರ ಕಾಟ. ನಡುವೆ ಕೆಡುತ್ತಿತ್ತು, ತಾನಾಗಿಯೇ ಸರಿಹೋಗುತ್ತಿತ್ತು. ಮೇಸ್ತ್ರಿ ಅಂಗಿಯ ತೋಳು ಕೂಡ ಮಡಿಸದೆ ತಗಡಿನ ಪೆಟ್ಟಿಗೆಯನ್ನು ತೋರಿಸಿ, "ಇದು ಹೋಗಿದೆ. ಈ ದೇಶದಲ್ಲಿ ಸಿಗಲ್ಲ. ಇದನ್ನೆಲ್ಲ ಕಿತ್ತುಹಾಕಿ ನಮ್ಮ ಕಾರಿನ ಕಾರ್ಬೊರೇಟರ್ ಕೂರಿಸಿಬಿಡ್ತೀನಿ, ಎತ್ತಿನಗಾಡಿ ಥರ ನಿಶ್ಚಿಂತೆಯಾಗಿ ಓಡುತ್ತೆ" ಎಂದರು. ರೈಸ್‌ಮಿಲ್ಲಿನವರೂ ಅದಕ್ಕೆ ತಯಾರಿದ್ದರು. ಅವರಿಗೆ ಬೇಕಾಗಿದ್ದದ್ದು ಫಾರಿನ್ ಕಾರು ಬಾಗಿಲಲ್ಲಿ ನಿಲ್ಲುವುದು, ಅಷ್ಟೆ. ಒಳಗೆ ಏನಿದ್ದರೂ ನಡೆಯುತ್ತಿತ್ತು.

ನನಗೆ ಆ ಮಾತು ಸರಿಬರಲಿಲ್ಲ. ಪೆಟ್ಟಿಗೆ ಹೋಗಿದ್ದರೆ ನಾಲ್ಕು ದಿನ ಸರಿಯಾಗಿ ಹೇಗೆ ಓಡುತ್ತದೆ? ನೋವು ಎಲ್ಲಿದೆ ಎಂದು ಮುಟ್ಟಿ ನೋಡದೆ ನಾನು ಯಾರ ಹೊಟ್ಟೆಯನ್ನೂ ಕೊಯ್ದವಳಲ್ಲ. ಇದನ್ನೂ ಯಾರೂ ಇನ್ನೂ ಮುಟ್ಟಿ ನೋಡಿರಲಿಲ್ಲ. ಯಜಮಾನರಿಗೆ ಹೇಳಿದೆ: "ಒಂದು ಭಾನುವಾರ ಕೊಡಿ. ಅಷ್ಟರಲ್ಲಿ ಕಾರಣ ಸಿಗದಿದ್ದರೆ ನಾನೇ ಬೀಗದಕೈ ತಗೊಂಡು ಹೋಗಿ ರೈಸ್‌ಮಿಲ್ಲಿಗೆ ಕೊಟ್ಟು ಬರ್ತೀನಿ." ಅವರು ಒಪ್ಪಿದರು. ತಾವೂ ಬರುತ್ತೇನೆ ಎಂದರು.

ಮದ್ದೂರಿಗೆ ಹೋಗಿ ಮೆಕ್ಯಾನಿಕ್ಕಿಗೆ ವಿಷಯ ತಿಳಿಸಿದಾಗ ಅವರು ಅಡ್ಡಡ್ಡ ತಲೆ ಆಡಿಸಿಬಿಟ್ಟರು.

"ಆಗಾಕಿಲ್ಲ ಕಣಮ್ಮ. ನಂಗೆ ಗೊತ್ತಿಲ್ಲದ ಗಾಡಿ. ಪ್ಲಗ್ಗು ಉಜ್ಜಿದ್ದೇ ಸರಿಯಾಯ್ತು ಅನ್ಕಂಡಿದ್ದೆ, ಅದೂ ಸುಳ್ಳಾಯ್ತು. ಏನಾರ ಕೆಟ್ಟೋದ್ರೆ ಯಾರು ಒಣೆ?"

"ನಾನು ಹೊಣೆ. ಗಾಡಿ ನನಗೂ ಗೊತ್ತಿಲ್ಲ. ಇಬ್ಬರೂ ಸೇರಿ ತಿಳ್ಕೊಳ್ಳೋಣ. ಮೈಸೂರಿನವರು ಪೆಟ್ಟಿಗೆ ಹೋಗಿದೆ ಅಂದರು. ನೀವೇನಂತೀರಿ?"

"ಬಿಚ್ಚಿ ನೋಡಿದ್ರಾ ಅವ್ರು?"

"ಇಲ್ಲ."

"ನೋಡ್ದೆ ಎಂಗಮ್ಮಾ ಯೋಳ್‌ಬುಟ್ರು?" ಅವರಿಗೆ ರೇಗಿತು. "ಬನ್ನಿ ಬಾನ್ವಾರ. ಬೆಳಿಗ್ಗೇಲೇ ಬಂದ್‌ಬುಡಿ."

ಆ ಭಾನುವಾರ ಬೆಳಗ್ಗೆ ಕಾರು ಮದುವಣಗಿತ್ತಿಯ ಹಾಗೆ ಸುಮ್ಮನಿತ್ತು. ಒಂದು ಸಲವೂ ಕುಂಟಲಿಲ್ಲ. ಮೆಕ್ಯಾನಿಕ್ಕು ಹೇಳಿದರು: "ಸರಿಯಾಗಿರಾ ಗಾಡೀಲಿ ಏನು ನೋಡಾದು? ಕೆಡಾಗಂಟ ಓಡ್ಸಿ. ಕೆಟ್ಟ ತಕ್ಸಣ, ಇಂಜಿನ್ ನಿಲ್ಲಿಸ್ದಂಗೆ ಇಲ್ಲೀಗಂಟ ತಂದ್‌ಬುಡಿ." ಇದು ನನಗೆ ಹೊಳೆದಿರಲಿಲ್ಲ. ವೈದ್ಯನಾಥಪುರದ ಹಳ್ಳಕೊಳ್ಳದ ರಸ್ತೆಯಲ್ಲಿ ಹೋಗುವುದು, ಬರುವುದು. ಯಜಮಾನರು ಪಕ್ಕದಲ್ಲಿ ಕೂತು, ಹಿಂದೆ ಮೆಕ್ಯಾನಿಕ್ಕು ಕಿವಿಗೊಟ್ಟು ಕೂತು, ಮೂವರೂ ಕಾರು ಕೆಡಲಿ ಎಂದು ಕಾಯುತ್ತಿದ್ದೆವು. ಶಿಂಷಾ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ನೋಡಿ ಬೇಸತ್ತು ನೋಡುವುದನ್ನೇ ಬಿಟ್ಟರು. ಕೊನೆಗೆ ಒಂದು ಗುಂಡಿಗೆ ಚಕ್ರ ಇಳಿದು ಎದ್ದಿದ್ದೇ ತಡ, ಡಬಡಬ ಶುರುವಾಯಿತು.

"ಬಂತು! ಬಂತು!" ಎಂದು ಮೆಕ್ಯಾನಿಕ್ಕು ಸೀಟು ತಟ್ಟಿದರು. ಆಕ್ಸಿಲರೇಟರ್ ಬಿಡದೆ ಶೆಡ್ಡಿಗೆ ತಂದು ನಿಲ್ಲಿಸಿದೆ.

ಇಂಜಿನ್ನು ಓಡುತ್ತಿದ್ದ ಹಾಗೆಯೇ ಅವರು ಮರದ ಹಿಡಿಯ ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಪ್ಲಗ್ಗಿನ ವೈರನ್ನು ಎಬ್ಬಿಸಿದರು. ಓಡುತ್ತಿರುವ ಸಿಲಿಂಡರಿನ ವೈರು ತೆಗೆದರೆ ಇಂಜಿನ್ನು ಇನ್ನಷ್ಟು ಕುಗ್ಗಬೇಕು. ಮೊದಲೇ ಸತ್ತಿರುವುದರದ್ದು ತೆಗೆದರೆ ಏನೂ ವ್ಯತ್ಯಾಸ ಆಗಬಾರದು. ಎರಡು ವೈರು ತೆಗೆದಾಗ ಕುಗ್ಗಿತು. ಎರಡರಲ್ಲಿ ಏನೂ ಆಗಲಿಲ್ಲ.

"ಎಲ್ಡು ಸತ್ತವೆ. ಈ ಕಡೆ ಒಂದು, ಆ ಕಡೆ ಒಂದು." ಮೀಸೆ ಸವರಿಕೊಂಡರು. "ಒಂದೇ ಕಡೇವಾಗಿದ್ರೆ ಒಂದು ಮಾತು. ಆ ಕಡೆದೂ ಈ ಕಡೆದೂ ಮಾತಾಡ್ಕಂಡಂಗೆ ಒಟ್ಗೇ ಎಂಗೆ ಸತ್ತವು?"

ಆ ಎರಡರ ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ ಕಬ್ಬಿಣಕ್ಕೆ ತಾಗಿಸಿ ಹಿಡಿದು, ನನಗೆ ಸ್ಟಾರ್ಟರ್ ತಿರುಗಿಸಲು ಹೇಳಿದರು. ನೀಲಿ ಕಿಡಿ ಚಟಚಟ ಹಾರಿತು. ಕಿಡಿ ಚೆನ್ನಾಗಿತ್ತು. ಆಮೇಲೆ ಪ್ಲಗ್ಗಿನ ತುದಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು, ನನಗೂ ಹಿಡಿದರು. "ನೋಡಿ, ಒಣಗಿ ಕುಂತದೆ. ಇದಕ್ಕೆ ಪೆಟ್ರೋಲೇ ಬತ್ತಿಲ್ಲ. ಪ್ಲಗ್ಗುಂದಲ್ಲ ತಪ್ಪು."

ಹಾಗಾದರೆ ಇಂಜೆಕ್ಟರ್. ಅದು ಏನೆಂದು ವಿವರಿಸಿದೆ. ಅವರಿಗೆ ಬೇಗ ಅರ್ಥವಾಯಿತು. "ಡೀಸೆಲ್ ಲಾರೀಲಿ ನಾಜಲ್ಲು ಇರ್ತದಲ್ಲ, ಅಂಗೇಯ? ಸರಿ ಸರಿ. ಅದ್ರಲ್ಲಿ ಪಂಪು ಒತ್ತಿದ್ರೆ ಬಾಯಿ ಬುಡ್ತದೆ. ಇದ್ರಲ್ಲಿ ಕರೆಂಟು ಬಂದ್ರೆ ಬಾಯಿ ಬುಡ್ತದೆ. ಎಲ್ಡು ನಾಜಲ್ಲೂ ಕಚ್ಕಂಡ್‌ಬುಟ್ಟವೆ, ಬಿಚ್ಚಿ ತೊಳಿಯಣ."

"ಎರಡೂ ಒಂದೇ ಕ್ಷಣದಲ್ಲಿ ಕಚ್ಚಿಕೊಳ್ತವಾ? ಬಾಯಿಗೆ ಏನೋ ಆಗಿದೆಯೋ, ಅಥವಾ ಬಾಯಿ ತೆರಿ ಅಂತ ಹೇಳೋದೇ ಬರ್ತಿಲ್ಲವೋ? ಮೊದಲು ಅದನ್ನ ನೋಡೋಣ."

ಕರೆಂಟು ಬರುತ್ತಿದೆಯೇ ಎಂದು ನೋಡಲು ಅವರ ಹತ್ತಿರ ಇದ್ದದ್ದು ಲಾರಿಯ ಹೆಡ್‌ಲೈಟಿನ ಬಲ್ಬು. ಅಷ್ಟು ದೊಡ್ಡದು ಬೇಡವೆನಿಸಿತು. ಅಲ್ಲಿಯ ತನಕ ತಗಡಿನ ಡಬ್ಬದ ಮೇಲೆ ಕೂತು ನೋಡುತ್ತಿದ್ದ ಯಜಮಾನರು ಎದ್ದು, "ಟಾರ್ಚಿನ ಬಲ್ಬು ಸಾಕಾಗಲ್ವಾ?" ಎಂದರು. ಡಿಕ್ಕಿಯಲ್ಲಿದ್ದ ಟಾರ್ಚು ತಂದು, ತಾವೇ ಬಿಚ್ಚಿ, ಬಲ್ಬಿಗೆ ಎರಡು ತುಂಡು ತಂತಿ ಸುತ್ತಿದರು. ಲ್ಯಾಬಿನಲ್ಲಿ ಕೆಲಸ ಮಾಡಿದ ಕೈ. ಗಂಟು ನೀಟಾಗಿತ್ತು. ಓಡುತ್ತಿದ್ದ ಸಿಲಿಂಡರಿನ ಇಂಜೆಕ್ಟರಿಗೆ ಬರುವ ತಂತಿಗೆ ಅದನ್ನು ಸಿಕ್ಕಿಸಿ ಇಂಜಿನ್ನು ತಿರುಗಿಸಿದರೆ, ಬಲ್ಬು ಮಿಂಚುಹುಳದಂತೆ ಮಿಣುಕ್ ಮಿಣುಕ್ ಎಂದಿತು. ಸತ್ತ ಸಿಲಿಂಡರಿನದಕ್ಕೆ ಸಿಕ್ಕಿಸಿದರೆ ಕತ್ತಲೆ. ಇನ್ನೊಂದಕ್ಕೂ ಕತ್ತಲೆ.

ಮೆಕ್ಯಾನಿಕ್ಕಿನ ಮುಖ ಇಳಿಯಿತು. "ಅಂಗಾರೆ ಡಬ್ಬಾನೇ ಓಗದೆ. ಮೈಸೂರೋನು ಯೋಳಿದ್ದು ನಿಜಾನೇ ಆಯ್ತಲ್ಲ."

ಯಜಮಾನರು ನನ್ನನ್ನು ನೋಡಿದರು. ಪಾಪ, ಅವರಿಗೂ ಈಗ ಕಾರು ಗೆಲ್ಲಲಿ ಅನ್ನಿಸುತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ನಾನು ಬಿಸಿಲಿಗೆ ಬಂದು ಸ್ವಲ್ಪ ಹೊತ್ತು ನಿಂತೆ. ಎರಡಕ್ಕೆ ಕರೆಂಟು ಹೋಗುತ್ತಿದೆ, ಎರಡಕ್ಕಿಲ್ಲ. ಹಾಗಾದರೆ ಆ ಪೆಟ್ಟಿಗೆ ಇಂಜೆಕ್ಟರುಗಳನ್ನು ಎರಡೆರಡಾಗಿ ಜೋಡಿ ಮಾಡಿ ನಡೆಸುತ್ತಿರಬೇಕು. ಸತ್ತಿರುವುದು ಒಂದು ಜೋಡಿ. ಪೆಟ್ಟಿಗೆ ಇಂಜೆಕ್ಟರಿಗೆ ಹೇಳುತ್ತದೆ, ಸರಿ. ಆದರೆ ಈಗ ಈ ಜೋಡಿಯ ಸರದಿ ಎಂದು ಪೆಟ್ಟಿಗೆಗೆ ಹೇಳುವವರು ಯಾರು? ಅದೇನು ಇಂಜಿನ್ನು ತಿರುಗುವುದನ್ನು ಕಣ್ಣಿಂದ ನೋಡುತ್ತದೆಯೇ?

ಒಳಗೆ ಬಂದು ಕೇಳಿದೆ: "ನಿಮ್ಮ ಡೀಸೆಲ್ ಪಂಪಿಗೆ ಯಾವ ಸಿಲಿಂಡರಿಗೆ ಯಾವಾಗ ಒತ್ತಬೇಕು ಅಂತ ಹೇಗೆ ಗೊತ್ತಾಗುತ್ತೆ?"

"ಇಂಜಿನ್ ಜೊತೇಲೇ ಗೇರು ತಿರುಗ್ತದಲ್ಲಮ್ಮ. ಅದೇ ಯೋಳ್ತದೆ."

"ಇದರಲ್ಲೂ ಹಾಗೆ ತಿರುಗೋದು ಏನಾದರೂ ಇರಬೇಕು. ಪೆಟ್ಟಿಗೆಗೆ ಸುದ್ದಿ ಹೇಳೋಕೆ."

ಅವರು ಬಗ್ಗಿ ನೋಡಿದರು. "ತಿರುಗೋದು ಇಲ್ಲಿ ಇರಾದು ಒಂದೇಯ." ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಬೆರಳಲ್ಲಿ ತಟ್ಟಿದರು. ಆಮೇಲೆ ಅದರ ಅಡಿಗೆ ಬೆರಳು ಇಳಿಸಿ, ತಡಕಿ, ನಿಂತರು. "ಇದೇನಿದು? ಇಂಗೆ ಅಡೀಲಿ ಮೂರು ವೈರು ಓಗಿರಾದು ನಾನು ಯಾವ ಗಾಡೀಲೂ ನೋಡಿಲ್ಲ."

ಮೂರು ವೈರು. ಎರಡು ಜೋಡಿಗೆ ಒಂದೊಂದು, ಮೂರನೆಯದು ಎರಡಕ್ಕೂ ಸೇರಿದ್ದು. ನಾನು ಹೇಳುವ ಮೊದಲೇ ಯಜಮಾನರು ಟಾರ್ಚಿನ ಸೆಲ್ಲುಗಳನ್ನು ಕೈಯಲ್ಲಿ ಹಿಡಿದಿದ್ದರು. ಆ ವೈರುಗಳ ತುದಿಯ ಕನೆಕ್ಟರನ್ನು ಬಿಚ್ಚಿ, ಸೆಲ್ಲು ಮತ್ತು ಬಲ್ಬನ್ನು ಡಿಸ್ಟ್ರಿಬ್ಯೂಟರಿನ ಕಡೆಯ ಮೂರನೆಯ ಕಡ್ಡಿಗೂ ಮೊದಲನೆಯದಕ್ಕೂ ನಡುವೆ ಹಿಡಿದರು. ಮೆಕ್ಯಾನಿಕ್ಕು ಸ್ಪಾನರ್ ಹಾಕಿ ಇಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದರು. ಒಂದು ಕಡೆ ಬಂದಾಗ ಬಲ್ಬು ಹತ್ತಿತು, ಮುಂದೆ ಹೋದಾಗ ಆರಿತು. ಮತ್ತೆ ಸುತ್ತಿ ಬಂದಾಗ ಮತ್ತೆ ಹತ್ತಿತು.

"ಈಗ ಎರಡನೆಯದು" ಎಂದೆ.

ಸುತ್ತು ಮುಗಿಯಿತು. ಹತ್ತಲಿಲ್ಲ. ಇನ್ನೊಂದು ಸುತ್ತು. ಹತ್ತಲಿಲ್ಲ. ಮತ್ತೊಂದು.

ಮೆಕ್ಯಾನಿಕ್ಕು ಸ್ಪಾನರ್ ಕೆಳಗೆ ಹಾಕಿ ತೊಡೆ ತಟ್ಟಿದರು. "ಸಿಕ್ತು ಕಣಮ್ಮಾ ಕಳ್ಳ! ಡಬ್ಬ ಏನ್ ಮಾಡೀತು ಪಾಪ, ಅದ್ಕೆ ಯಾರೂ ಯೋಳೇ ಇಲ್ಲ!"

ಬಿಚ್ಚುವ ಮುನ್ನ ಡಿಸ್ಟ್ರಿಬ್ಯೂಟರ್ ಕೂತ ಜಾಗಕ್ಕೆ ಉಳಿಯಿಂದ ಒಂದು ಗೀರು ಎಳೆದರು, ಮತ್ತೆ ಕೂರಿಸುವಾಗ ಕೂದಲೆಳೆಯಷ್ಟೂ ಆಚೀಚೆ ಆಗದಿರಲಿ ಎಂದು. ಹೊರಗೆ ತೆಗೆದು, ಹಳೇ ಪಂಚೆಯ ಮೇಲೆ ಮಲಗಿಸಿ, ಅಡಿಯ ಎರಡು ಸ್ಕ್ರೂ ಬಿಚ್ಚಿದರು. ಹೆಬ್ಬೆರಳಗಲದ ಒಂದು ತುಂಡು ಜಾರಿ ಹೊರಬಂತು. ಅದರ ಮೇಲೆ ಎದುರುಬದುರಾಗಿ, ತುಟಿ ಕೂಡಿದಾಗ ಕರೆಂಟು ಹರಿಸುವ ಎರಡು ಪುಟ್ಟ ಪಾಯಿಂಟುಗಳು. ಪ್ರತಿಯೊಂದಕ್ಕೂ ಶಾಫ್ಟಿಗೆ ತಾಗುವ ಒಂದು ಗಟ್ಟಿ ರಟ್ಟಿನಂಥ ಹಿಮ್ಮಡಿ. ನನ್ನ ಕನ್ನಡಕ ಹಾಕಿಕೊಂಡು ನೋಡಿದೆ. ಒಂದು ಪಾಯಿಂಟಿನ ಹಿಮ್ಮಡಿ ಒಂದು ಅಂಚಿನಲ್ಲಿ ಸಿಪ್ಪೆ ಎದ್ದಿತ್ತು. ಆ ಸಿಪ್ಪೆಯ ಒಂದು ಚೂರು, ಗ್ರೀಸು ಮೆತ್ತಿಕೊಂಡು, ಪಾಯಿಂಟಿನ ಎರಡು ತುಟಿಗಳ ನಡುವೆ ಹೋಗಿ ಕೂತಿತ್ತು. ಅದು ಸರಿದಾಗ ಕಾರು ಸರಿಯಾಗುತ್ತಿತ್ತು. ಗುಂಡಿಗೆ ಬಿದ್ದು ಮತ್ತೆ ನಡುವೆ ಸೇರಿಕೊಂಡಾಗ ಎರಡು ಸಿಲಿಂಡರುಗಳು ಒಟ್ಟಿಗೆ ಸಾಯುತ್ತಿದ್ದವು.

ಮೆಕ್ಯಾನಿಕ್ಕು ಅರ ಕೈಗೆತ್ತಿಕೊಂಡರು. ನಾನು ಅವರ ಮಣಿಕಟ್ಟು ಹಿಡಿದೆ.

"ಉಜ್ಜಬೇಡಿ."

"ಪಾಯಿಂಟು ಅಂದ್ಮೇಲೆ ಉಜ್ಜದೆ ಏನಮ್ಮಾ? ಲಾರಿಗೆಲ್ಲ ಉಜ್ಜಾದೇಯ."

"ಇದರ ಮೇಲೆ ತೆಳ್ಳಗೆ ಏನೋ ಲೇಪ ಇದ್ದಹಾಗಿದೆ, ಹೊಳೀತಿದೆ ನೋಡಿ. ಹೋದರೆ ಇನ್ನೊಂದು ತರಿಸೋಕಾಗಲ್ಲ. ಬರೀ ಒರೆಸೋಣ."

"ಒರ್ಸಿದ್ರೆ ಓಯ್ತದಾ?"

"ಹೋಗದಿದ್ದರೆ ಆಮೇಲೆ ಉಜ್ಜಿ."

ಅವರು ಗೊಣಗಿಕೊಂಡೇ ಅರ ಕೆಳಗಿಟ್ಟರು. ನನ್ನ ಆಪರೇಷನ್ ಪೆಟ್ಟಿಗೆಯಿಂದ ಸ್ಪಿರಿಟ್ಟು, ಸಣ್ಣ ಇಕ್ಕಳ ತೆಗೆದೆ. ನೂಲು ಬಿಡದ ಗಟ್ಟಿ ಕಾಗದ ಬೇಕಿತ್ತು. ಬಸರಾಳಿನ ಲಗ್ನಪತ್ರಿಕೆ ಇನ್ನೂ ಕಾರಿನಲ್ಲೇ ಬಿದ್ದಿತ್ತು. ಅದರ ಅಂಚನ್ನು ಕತ್ತರಿಸಿ, ಸ್ಪಿರಿಟ್ಟಿನಲ್ಲಿ ಅದ್ದಿ, ಪಾಯಿಂಟಿನ ನಡುವೆ ಎಳೆದೆ. ಕಪ್ಪಗೆ ಬಂತು. ಹೊಸ ಅಂಚಿನಿಂದ ಮತ್ತೆ ಎಳೆದೆ, ಬಿಳಿ ಬರುವ ತನಕ. ಎದ್ದಿದ್ದ ಸಿಪ್ಪೆಯನ್ನು ಮೆಕ್ಯಾನಿಕ್ಕು ಹೊಸ ಬ್ಲೇಡಿನಿಂದ ನಯವಾಗಿ ಸವರಿದರು. ನನಗಿಂತ ಅವರ ಕೈ ಆ ಕೆಲಸಕ್ಕೆ ಸ್ಥಿರವಾಗಿತ್ತು, ಅದಕ್ಕೇ ಬ್ಲೇಡನ್ನು ಅವರಿಗೆ ಕೊಟ್ಟೆ. ಶಾಫ್ಟಿಗೆ ಅಕ್ಕಿಕಾಳಿನಷ್ಟು ಗ್ರೀಸು ಸವರಿ, ಗೀರಿಗೆ ಗೀರು ಕೂಡಿಸಿ ಕೂರಿಸಿದರು. ಯಜಮಾನರು ಬಲ್ಬು ಹಿಡಿದರು. ಈ ಸಲ ಎರಡರಲ್ಲೂ ಹತ್ತಿತು.

ಇಕ್ಕಳದ ತುದಿಯಲ್ಲಿದ್ದ ಚೂರನ್ನು ಮೆಕ್ಯಾನಿಕ್ಕು ತಮ್ಮ ಉಗುರಿನ ಮೇಲೆ ಇಟ್ಟುಕೊಂಡು ಯಜಮಾನರಿಗೆ ತೋರಿಸಿದರು. "ಮೇಷ್ಟ್ರೆ, ಇದ್ರ ದೆಸೆಯಿಂದ ಗಾಡೀನೇ ಮಾರಕ್ಕೆ ಒಂಟಿದ್ರಾ?"

"ಹೊರಟಿದ್ದೆ" ಎಂದರು ಯಜಮಾನರು. "ಈಗ ಇಲ್ಲ."

ಸ್ಟಾರ್ಟ್ ಮಾಡಿದೆ. ಮೊದಲ ತಿರುವಿಗೇ ಹೊತ್ತಿಕೊಂಡು ಒಂದೇ ಸಮನೆ ಓಡಿತು. ನಾನು ಕೈ ತೊಳೆದುಕೊಂಡು ಮನೆಗೆ ಹೊರಡುವವಳಿದ್ದೆ. ಮೆಕ್ಯಾನಿಕ್ಕು ಬಿಡಲಿಲ್ಲ.

"ಆಗ್ಲೂ ಇಂಗೇ ಓಡಿತ್ತು, ಆಮ್ಯಾಕೆ ಕೆಟ್ಟಿತ್ತು. ಕಾಲಿ ಗಾಡಿ ಇಲ್ಲಿ ನಿಂತು ಓಡಿದ್ರೆ ಏನು ಗೊತ್ತಾಯ್ತದೆ? ಲೋಡ್ ಆಕಿ ಓಡಿಸ್‌ಬೇಕು. ಮಳವಳ್ಳೀಗಂಟ ಓಗಣ."

"ಲೋಡ್ ಎಲ್ಲಿದೆ?"

"ದಾರೀಲಿ ಸಿಗ್ತದೆ."

ಸಿಕ್ಕಿತು. ದೊಡ್ಡಿ ಎಂಬ ಊರಿನ ಹತ್ತಿರ ಬಸ್ಸು ತಪ್ಪಿಸಿಕೊಂಡು ನಿಂತಿದ್ದ ಮೂವರು ಹೆಂಗಸರನ್ನು, ಅವರ ಕುಕ್ಕೆಗಳನ್ನು, ಒಂದು ಮೂಟೆ ಹುರುಳಿಯನ್ನು ಅವರೇ ಇಳಿದು ಹತ್ತಿಸಿದರು. ಬಾಗಿಲು ಮುಚ್ಚಲು ಭುಜ ಕೊಟ್ಟು ಒತ್ತಬೇಕಾಯಿತು. ಯಜಮಾನರ ತೊಡೆಯ ಮೇಲೆ ಒಂದು ಕುಕ್ಕೆ. ಅದರೊಳಗೆ ಎರಡು ಹುಂಜ. ಅಷ್ಟು ಭಾರ ಹೊತ್ತು ಕಾರು ಏರು ಹತ್ತಿತು, ಗುಂಡಿ ಇಳಿದು ಎದ್ದಿತು, ಕಬ್ಬಿನ ಗಾಡಿಗಳನ್ನು ದಾಟಿತು. ಪ್ರತಿ ಗುಂಡಿಗೂ ಮೆಕ್ಯಾನಿಕ್ಕು ಉಸಿರು ಹಿಡಿದು, ದಾಟಿದ ಮೇಲೆ ಬಿಡುತ್ತಿದ್ದರು. ಆಕ್ಸಿಲರೇಟರ್ ಒತ್ತಿದಾಗೆಲ್ಲ ಅದು ಬೆಣ್ಣೆ ಜಾರಿದ ಹಾಗೆ ಮುಂದೆ ಹೋಗುತ್ತಿತ್ತು. ಮಳವಳ್ಳಿ ಹತ್ತಿರವಾಗುವ ಹೊತ್ತಿಗೆ ಅವರು ಉಸಿರು ಹಿಡಿಯುವುದನ್ನು ಮರೆತು ಹೆಂಗಸರ ಜೊತೆ ಹುರುಳಿಯ ಧಾರಣೆ ಮಾತಾಡುತ್ತಿದ್ದರು.

ಇಳಿಯುವಾಗ ಆ ಮೂವರಲ್ಲಿ ಹಿರಿಯಾಕೆ ಸ್ಟಿಯರಿಂಗಿನ ಮೇಲಿದ್ದ ನನ್ನ ಕೈ ನೋಡಿದಳು. ಉಗುರು ಸಂದೆಲ್ಲ ಕಪ್ಪು.

"ಗಾಡಿ ರಿಪೇರಿ ಮಾಡೀಯೇನವ್ವಾ ನೀನು?"

"ಹೂಂ. ಇವತ್ತು ಮಾಡಿದೆ."

"ಲೇ, ಡಾಕ್ಟ್ರು ಕಣಮ್ಮಿ ಅವ್ರು" ಎಂದು ಮೆಕ್ಯಾನಿಕ್ಕು ಗದರಿದರು. "ಬುದ್‌ವಾರ ಬುದ್‌ವಾರ ಇಲ್ಲೇ ಆಪರೇಸನ್ ಮಾಡ್ತಾರೆ."

ಅವಳು ನನ್ನ ಕೈಯನ್ನೂ ಅವರ ಮುಖವನ್ನೂ ಮತ್ತೊಮ್ಮೆ ನೋಡಿ, "ಸುಮ್ಕಿರಪ್ಪ, ಆಟ ಆಡ್ಬ್ಯಾಡ" ಎಂದು ಕುಕ್ಕೆ ಎತ್ತಿಕೊಂಡು ಹೊರಟೇಬಿಟ್ಟಳು. ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮರುದಿನವೇ ಅವರು ರೈಸ್‌ಮಿಲ್ಲಿಗೆ ಹೋಗಿ, ಕಾರು ಕೊಡುವುದಿಲ್ಲ ಎಂದು ಹೇಳಿ ಬಂದರು. ಬುಧವಾರ ಎಂದಿಗಿಂತ ಮುಂಚೆಯೇ ಮಳವಳ್ಳಿ ತಲುಪಿ, ಹಿರಿಯ ಡಾಕ್ಟರು ಬರುವ ಹೊತ್ತಿಗೆ ಕೈ ತೊಳೆದು ತಯಾರಾಗಿ ನಿಂತಿದ್ದೆ. ಅವರು ಕಾರಿನ ಮಾತು ಮತ್ತೆ ಎತ್ತಲಿಲ್ಲ. ಆಮೇಲೆ ಬಹಳ ವರ್ಷ ಆ ಕಾರು ನಮ್ಮಲ್ಲೇ ಇತ್ತು. ನಡುವೆ ಪೆಟ್ರೋಲ್ ಪಂಪು ಕೈಕೊಟ್ಟಿತು, ಒಂದು ಪೈಪು ಸೀಳಿತು. ಆ ತಗಡಿನ ಪೆಟ್ಟಿಗೆ ಮಾತ್ರ ಯಾವತ್ತೂ ಕೆಡಲಿಲ್ಲ. ಮೆಕ್ಯಾನಿಕ್ಕು ಆಗಾಗ ಆ ಪಾಯಿಂಟನ್ನು ತೆಗೆದು ಸ್ಪಿರಿಟ್ಟಿನಲ್ಲಿ ಒರೆಸಿ ಕೂರಿಸುತ್ತಿದ್ದರು. ಬೆಂಗಳೂರಿನಿಂದ ಅಂಥದೇ ಕಾರಿನವರೊಬ್ಬರು ಹುಡುಕಿಕೊಂಡು ಅವರ ಶೆಡ್ಡಿಗೆ ಬಂದರು ಎಂದು ಕೇಳಿದಾಗ ನನಗೆ ಹೆಮ್ಮೆಯಾಯಿತು.

ಆ ಭಾನುವಾರ ಮಳವಳ್ಳಿಯಿಂದ ವಾಪಸು ಹೊರಡುವಾಗ, ಮೆಕ್ಯಾನಿಕ್ಕು ಬಾಗಿಲ ಹತ್ತಿರ ನಿಂತು ಸ್ವಲ್ಪ ಹಿಂಜರಿದು, "ಅಮ್ಮಾ, ಒಸಿ ನಾನೂ ಓಡಿಸ್ಲಾ?" ಎಂದು ಕೇಳಿದರು. ಯಜಮಾನರು ಹಿಂದಿನ ಸೀಟಿಗೆ ಹೋದರು, ನಾನು ಬೀಗದಕೈ ಕೊಟ್ಟು ಪಕ್ಕಕ್ಕೆ ಸರಿದು ಕೂತೆ. ಲಾರಿಯಲ್ಲಿ ಕೂತ ಹಾಗೆ ನೆಟ್ಟಗೆ ಕೂತು, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ಮದ್ದೂರಿನ ತನಕ ಒಂದು ಮಾತೂ ಆಡದೆ ಓಡಿಸಿದರು. ಎದುರಿಗೆ ಬಂದ ಲಾರಿಯವರೆಲ್ಲ ಅವರ ಗುರುತು ಹಿಡಿದು ಹಾರ್ನ್ ಹೊಡೆದರು. ಅವರೂ ಪ್ರತಿಯೊಬ್ಬರಿಗೂ ತಿರುಗಿ ಹೊಡೆದರು.